ಮಣ್ಣಿನ ನಾಯಿ, ಒಣಗದ ಶಾಯಿ: ದೆವ್ವದ ಕಾಮಿಕ್ಸ್ ಅಚ್ಚು ಹಾಕಿಸಿದ ಕಥೆ

ಹೋದ ವಾರ ಕೊನೆಯ ಆರ್ಡರನ್ನೂ ಅಂಚೆಗೆ ಹಾಕಿ ಬಂದೆ. 48 ಪುಟದ ಕನ್ನಡ ಕಾಮಿಕ್ಸ್, ಮೂರು ದೆವ್ವದ ಕಥೆ. ಶುರು ಮಾಡಿದ್ದು 2024ರ ಮಳೆಗಾಲದಲ್ಲಿ. ಅಲ್ಲಿಂದ ಇಲ್ಲಿಗೆ ಒಂದೂವರೆ ವರ್ಷ. ಚಿತ್ರ ಬಿಡಿಸುವುದಕ್ಕೆ ಹಿಡಿದದ್ದು ಅದರಲ್ಲಿ ಆರೇಳು ತಿಂಗಳು. ಉಳಿದದ್ದೆಲ್ಲ ಕೇಳುವುದು, ಕಾಯುವುದು, ಒಣಗಿಸುವುದು. ಒಣಗಿಸುವುದು ಏನು ಅಂತ ಮುಂದೆ ಹೇಳುತ್ತೇನೆ. ಇಂಥ ಕೆಲಸಕ್ಕೆ ಕೈ ಹಾಕುವವರು ಯಾರಾದರೂ ಇದ್ದರೆ, ನಾನು ಬಿದ್ದ ಗುಂಡಿಗೇ ಅವರೂ ಬೀಳುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ನಮ್ಮಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲ, ಡೀಸೆಲ್ ಲೆಕ್ಕ ಬರೆಯುವವನು. ಆ ವರ್ಷ ಕಕ್ಕಡದಲ್ಲಿ (ಜುಲೈ, ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳು) ನಾಲ್ಕು ದಿನ ಕರೆಂಟೇ ಇರಲಿಲ್ಲ. ಟವರ್ ಸತ್ತು ಮೊಬೈಲೂ ಸತ್ತಿತ್ತು. ಸಂಜೆ ಆದರೆ ತೋಟದ ಆಳುಗಳು ಇರುವ ಲೈನ್‌ಮನೆಯ ಮಕ್ಕಳು ಆಫೀಸಿನ ಜಗಲಿಗೆ ಬಂದು ಕೂರುತ್ತಿದ್ದರು. ಬೇರೆ ಕೆಲಸ ಇಲ್ಲ, ದೆವ್ವದ ಕಥೆ ಹೇಳಿದೆ. ಮೂರನೇ ದಿನ ಒಬ್ಬಳು ಹುಡುಗಿ ಕೇಳಿದಳು, "ಸಾರ್, ಇದು ಚಿತ್ರದ ಪುಸ್ತಕದಲ್ಲಿ ಇದ್ಯಾ?" ಇಲ್ಲ ಅಂದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಅಮ್ಮನಿಗೆ ಹೇಳಿದೆ. "ಕಕ್ಕಡದಲ್ಲಿ ಯಾರಾದರೂ ಹೊಸ ಕೆಲಸ ಶುರು ಮಾಡ್ತಾರಾ? ಅದೂ ದೆವ್ವದ್ದು!" ಅಂತ ಬೈದರು. ಈಗಲೂ ಏನೇ ತೊಂದರೆ ಬಂದರೂ ಆ ಮಾತನ್ನೇ ನೆನಪಿಸುತ್ತಾರೆ.

ನನಗೆ ಚಿತ್ರ ಬರುವುದಿಲ್ಲ. ಚಿಕ್ಕಪ್ಪನ ಮಗಳು ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದಿದವಳು. ಫೋನ್ ಮಾಡಿದೆ. "ಬಿಡಿಸ್ತೀನಿ ಅಣ್ಣ. ಆದ್ರೆ ಮನೆಯವಳು ಅಂತ ಸುಮ್ನೆ ಬಿಡಿಸ್ಕೊಳ್ಳೋದು ಬೇಡ" ಅಂದಳು. ಪುಟಕ್ಕೆ 800 ರೂಪಾಯಿ, ಮುಖಪುಟಕ್ಕೆ 5,000 ಅಂತ ಮಾತಾಯಿತು. ಪೇಟೆಯ ಲೆಕ್ಕದಲ್ಲಿ ಇದು ಕಡಿಮೆಯೇ. ಅವಳು ತಂಗಿ ಅಂತ ಒಪ್ಪಿದಳು, ಅಷ್ಟೆ.

ನಾನು ಆರಿಸಿದ ಮೂರು ಕಥೆಗಳಲ್ಲಿ ಮೊದಲನೆಯದು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ್ದು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಸತ್ತವನು ಬ್ರಹ್ಮರಾಕ್ಷಸನಾಗಿ ರಾಜನನ್ನು ಕಾಡಿದ, ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿದ ಮೇಲೆ ಕಾಟ ನಿಂತಿತು ಅನ್ನುವುದು ಊರಿಗೆಲ್ಲ ಗೊತ್ತಿರುವ ಕಥೆ. ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರ, ಮುಂದೆ ಕೆರೆ, ಕೆರೆಯ ನಡುವೆ ಮಂಟಪ. ಕಾಮಿಕ್ಸಿಗೆ ಅಂತಲೇ ಕಟ್ಟಿದ ಹಾಗಿದೆ ಅಲ್ವಾ? ಇದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ.

ಎರಡನೆಯದು ಮಣ್ಣಿನ ನಾಯಿಯ ಕಥೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಅಯ್ಯಪ್ಪ ದೇವರ ಕಾಡುಗಳಲ್ಲಿ ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಮರದ ಬುಡದಲ್ಲಿ ರಾಶಿ ರಾಶಿ ನಾಯಿಗಳು, ಹಳೆಯದರ ಮೇಲೆ ಪಾಚಿ, ಕೆಲವಕ್ಕೆ ಕಿವಿ ಇಲ್ಲ, ಕೆಲವಕ್ಕೆ ಕಾಲಿಲ್ಲ. ದೇವರಕಾಡಿನಿಂದ ಒಣ ಕಡ್ಡಿಯನ್ನೂ ಮನೆಗೆ ತರಬಾರದು ಅಂತ ಚಿಕ್ಕವರಿದ್ದಾಗಿನಿಂದ ಕೇಳಿದ್ದೇವೆ. ನನ್ನ ಕಥೆಯಲ್ಲಿ ಒಬ್ಬ ಹುಡುಗ ಒಂದು ನಾಯಿಯನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾನೆ.

ಮೂರನೆಯದಕ್ಕೆ ನಮ್ಮ ಕಡೆ ತೆರೆಯಲ್ಲಿ, ಅಂದರೆ ವೇಷ ಕಟ್ಟಿ ಕುಣಿಯುವ ಆಚರಣೆಯಲ್ಲಿ, ಬರುವ ಕುಟ್ಟಿಚಾತನನ್ನು ಇಟ್ಟುಕೊಂಡಿದ್ದೆ. ಚಿಕ್ಕಂದಿನಲ್ಲಿ ರಾತ್ರಿ ತೆರೆ ಕಟ್ಟಿದ್ದನ್ನು ನೋಡಿ ಅಪ್ಪನ ಹಿಂದೆ ಅವಿತುಕೊಂಡವನು ನಾನು. ಆ ಬಣ್ಣ, ಆ ಬೆಂಕಿ, ಆ ಚೆಂಡೆ. ಖಳನಾಯಕ ಮಾಡಿದರೆ ಮಕ್ಕಳು ಮೂರು ದಿನ ಮಲಗುವುದಿಲ್ಲ ಅಂದುಕೊಂಡೆ. ಎಡವಿದ್ದು ಇಲ್ಲಿಯೇ.

ಸೆಪ್ಟೆಂಬರ್‌ನಲ್ಲಿ, ಮಳೆ ಸ್ವಲ್ಪ ಬಿಟ್ಟ ಮೇಲೆ, ನಮಗೆ ಹತ್ತಿರದ ದೇವರಕಾಡಿನ ತಕ್ಕರ, ಅಂದರೆ ಅದರ ಉಸ್ತುವಾರಿ ನೋಡುವ ಹಿರಿಯರ, ಮನೆಗೆ ಹೋದೆ. ವಯಸ್ಸಾದವರು, ನಾವೆಲ್ಲ ಅಜ್ಜ ಅನ್ನುತ್ತೇವೆ. ಮೊದಲನೇ ಸಲ ಹೋದಾಗ ಅವರು ಗದ್ದೆಯಲ್ಲಿದ್ದರು. ಎರಡನೇ ಸಲ ಮನೆಯಲ್ಲಿ ತಿಥಿ. ಮೂರನೇ ಸಲ ಸಿಕ್ಕರು. ಕಾಫಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಕುಟ್ಟಿಚಾತ ಅಂದ ಕೂಡಲೇ ಲೋಟ ಕೆಳಗಿಟ್ಟರು.

"ನೀನು ದೆವ್ವದ ಪುಸ್ತಕ ಅಂದೆ."

"ಹೌದು ಅಜ್ಜ."

"ಅದು ದೈವ. ತೆರೆಯ ಮುಂದೆ ಕೈ ಮುಗಿದು ಕಷ್ಟ ಹೇಳಿಕೊಳ್ಳುವವರು ಇದ್ದಾರೆ. ನಿನ್ನ ಅಪ್ಪನೂ ಹೇಳಿಕೊಂಡಿದ್ದಾನೆ. ನಿನಗೆ ಹುಷಾರಿಲ್ಲದಾಗ."

ನನಗೆ ಅದು ಗೊತ್ತೇ ಇರಲಿಲ್ಲ. ಏನೂ ಹೇಳಲಿಕ್ಕೆ ತೋಚಲಿಲ್ಲ. ಕುಟ್ಟಿಚಾತನನ್ನು ಅಲ್ಲಿಯೇ ಕೈಬಿಟ್ಟೆ. ಅದರ ಜಾಗಕ್ಕೆ ಗದ್ದೆಯ ಕೊಳ್ಳಿದೆವ್ವ ಬಂತು. ಅದಕ್ಕೆ ಗುಡಿಯೂ ಇಲ್ಲ, ತಕ್ಕರೂ ಇಲ್ಲ.

ನಾಯಿಯ ಕಥೆಗೆ ಅಜ್ಜ ಬೇಡ ಅನ್ನಲಿಲ್ಲ. ಆದರೆ ಮೂರು ಮಾತು ಹೇಳಿದರು. ಕಾಡಿನ ಹೆಸರು, ಊರಿನ ಹೆಸರು ಹಾಕಬಾರದು. ದೇವರ ನೆಲೆಯನ್ನು ಬಿಡಿಸಬಾರದು, ಫೋಟೋ ತೆಗೆಯಬಾರದು. ಮೂರನೆಯದು ನನಗೆ ಸ್ವಲ್ಪ ಕಷ್ಟವಾಯಿತು: "ಆ ಹುಡುಗ ನಾಯಿಯನ್ನು ವಾಪಸ್ ತಂದಿಡಬೇಕು." ನಾನು ಬರೆದಿದ್ದ ಕೊನೆಯಲ್ಲಿ ಹುಡುಗನೇ ಮಣ್ಣಿನ ನಾಯಿಯಾಗಿ ಸಾಲಿನಲ್ಲಿ ಕುಳಿತಿದ್ದ. ಅದಕ್ಕಿಂತ ಒಳ್ಳೆಯ ಕೊನೆ ಇಲ್ಲ ಅಂತ ನನಗೆ ಜಂಬ ಬೇರೆ ಇತ್ತು.

ತಂಗಿ ಬಿಡಿಸಿದ್ದೇ ಬೇರೆ. ಹುಡುಗ ನಾಯಿಯನ್ನು ಇಟ್ಟು, ಕೈ ಮುಗಿದು, ಮನೆಗೆ ಬಂದು ಮಲಗುತ್ತಾನೆ. ಕೊನೆಯ ಚೌಕದಲ್ಲಿ ಮನೆಯ ಮೆಟ್ಟಿಲು ಮಾತ್ರ. ಮೆಟ್ಟಿಲ ಮೇಲೆ ಒದ್ದೆ ಮಣ್ಣಿನ ಹೆಜ್ಜೆ, ನಾಲ್ಕು. ಒಳಗೆ ಹೋಗಿವೆ, ಹೊರಗೆ ಬಂದಿಲ್ಲ. ನನ್ನ ಕೊನೆಗಿಂತ ಇದೇ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಲಿಕ್ಕೆ ನನಗೆ ಒಂದು ವಾರ ಬೇಕಾಯಿತು.

ಜನಪದ ಕಥೆ ಯಾರ ಸ್ವತ್ತೂ ಅಲ್ಲ, ಯಾರನ್ನು ಕೇಳಬೇಕು ಅನ್ನುವವರಿದ್ದಾರೆ. ಕಾನೂನಿನ ಪ್ರಕಾರ ಅದು ಸರಿಯೂ ಇರಬಹುದು. ಆದರೆ ನಾವು ಇದೇ ಊರಿನಲ್ಲಿ ಇರಬೇಕಲ್ಲ. ಕೇಳುವುದಾದರೆ ಬರೆಯುವ ಮೊದಲೇ ಕೇಳಿ, ಚಿತ್ರ ಆದ ಮೇಲೆ ಅಲ್ಲ. ನನಗೆ ಕುಟ್ಟಿಚಾತನ ಒಂದು ಪುಟವೂ ಚಿತ್ರ ಆಗಿರಲಿಲ್ಲ. ಆಗಿದ್ದರೆ ಹತ್ತು ಹನ್ನೆರಡು ಸಾವಿರ ನೀರಿಗೆ.

ಇನ್ನೊಂದು ತೊಡಕು ನಾನು ಎಣಿಸಿರಲೇ ಇಲ್ಲ. ಆ ಕಾಡಿಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ಫೋಟೋ ಕೂಡದು. ಹಾಗಾದರೆ ಚಿತ್ರ ಬಿಡಿಸುವವಳು ನೋಡುವುದು ಹೇಗೆ? ನಾನು ಹೋಗಿ ಕಣ್ಣಲ್ಲಿ ತುಂಬಿಕೊಂಡು ಬಂದು ಬಾಯಲ್ಲಿ ಹೇಳಿದೆ. ಅವಳಿಗೆ ಅರ್ಥ ಆಗಲಿಲ್ಲ. "ಕುತ್ತಿಗೆ ಎಷ್ಟು ದಪ್ಪ ಅಣ್ಣ? ಬಾಲ ಮೇಲಾ ಕೆಳಗಾ?" ಕೊನೆಗೆ ಗದ್ದೆ ಮಣ್ಣು ತಂದು ನಾನೇ ಒಂದು ಗೇಣುದ್ದದ ನಾಯಿ ಮಾಡಿದೆ. ಒಲೆಯ ಮೇಲೆ ಒಣಗಿಸಿದೆ. ಒಂದು ಕಿವಿ ಬಿರುಕು ಬಿಟ್ಟಿತು. ಅದನ್ನು ಮೇಜಿನ ಮೇಲಿಟ್ಟು ಎಲ್ಲ ಕಡೆಯಿಂದ ವಿಡಿಯೋ ಮಾಡಿ ಕಳಿಸಿದೆ. ಪುಸ್ತಕದಲ್ಲಿರುವುದು ಆ ಒಡಕು ಕಿವಿಯ ನಾಯಿಯೇ.

ನವೆಂಬರ್‌ನಲ್ಲಿ ಇಬ್ಬರೂ ಒಂದು ಕರಾರು ಮಾಡಿಕೊಂಡೆವು. ತಂಗಿಯ ಜೊತೆ ಕರಾರಾ ಅಂತ ಚಿಕ್ಕಪ್ಪ ಮುಖ ಸಿಂಡರಿಸಿದರು. ಆದರೆ ಮಾಡಿಕೊಂಡದ್ದು ಒಳ್ಳೆಯದಾಯಿತು. ಚಿತ್ರದ ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅವಧಿ, ಜಾಗ, ಹಣ, ಮರುಮುದ್ರಣವಾದರೆ ಅವಳಿಗೆ ಎಷ್ಟು, ಈ ನಾಲ್ಕನ್ನಾದರೂ ಕಾಗದದ ಮೇಲೆ ಇಳಿಸಿ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಲು. ನನಗೆ ಉಸಿರಾಡಲಿಕ್ಕೂ ಪುರುಸೊತ್ತಿಲ್ಲ. ಅವಳು ಮೈಸೂರಿನಲ್ಲಿ ಬಿಡಿಸುತ್ತಾ ಹೋದಳು. ರಾತ್ರಿ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಫೋನಿನಲ್ಲಿ ಪುಟ ನೋಡುತ್ತಿದ್ದೆ. ಒಂದು ದಿನ ಬ್ರಹ್ಮರಾಕ್ಷಸ ಕೆರೆಯ ಮಂಟಪದ ಮೇಲೆ ಕುಳಿತು ಅರಮನೆ ಕಡೆ ನೋಡುವ ಪುಟ ಬಂತು. ಒಬ್ಬನೇ ಇದ್ದೆ. ಎದ್ದು ಕಿಟಕಿ ಹಾಕಿಕೊಂಡೆ. ಅವಳಿಗೆ ಬರೆದದ್ದು ಮಾತ್ರ "ಪರವಾಗಿಲ್ಲ" ಅಂತ.

ಅಕ್ಷರ ಕೂರಿಸುವ ಹೊತ್ತಿಗೆ ನಿಜವಾದ ದೆವ್ವ ಬಂತು. ಅವಳ ಚಿತ್ರದ ಆಪ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತಿತ್ತು. ಬ್ರಹ್ಮರಾಕ್ಷಸ ಅಂತ ಹೊಡೆದರೆ "ಬ್‌ರಹ್‌ಮರಾಕ್‌ಷಸ" ಅಂತ ಮೂಡುತ್ತಿತ್ತು. ಕನ್ನಡ ಓದದ ಯಾರೋ ಮಾಡಿದ ಹಾಗೆ. ಎರಡು ವಾರ ಇದಕ್ಕೇ ಹೋಯಿತು. ಕೊನೆಗೆ ದಾರಿ ಸಿಕ್ಕಿದ್ದು ಚಿತ್ರದ ಇನ್ನೊಂದು ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ. ಅದು ಪುಕ್ಕಟೆ ಸಿಗುತ್ತದೆ, ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅಲ್ಲಿ ಮಾತುಗಳನ್ನು ಹೊಡೆದು, ಅಕ್ಷರವನ್ನು ಗೆರೆಚಿತ್ರವಾಗಿ ಬದಲಾಯಿಸಿ, ಚಿತ್ರದ ಮೇಲೆ ಕೂರಿಸಿದೆವು. ಹೀಗೆ ಮಾಡಿದರೆ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ಆದರೆ ಆಮೇಲೆ ತಪ್ಪು ಕಂಡರೆ ತಿದ್ದಲಿಕ್ಕೆ ಆಗುವುದಿಲ್ಲ. ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ. ಫಾಂಟ್‌ಗೆ ಬಾಲೂ ತಮ್ಮ ಅನ್ನುವುದನ್ನು ಬಳಸಿದೆವು. ದುಂಡಗಿದೆ, ಕಾಮಿಕ್ಸಿಗೆ ಒಪ್ಪುತ್ತದೆ, ಮಾರುವ ಪುಸ್ತಕಕ್ಕೂ ದುಡ್ಡು ಕೊಡದೆ ಬಳಸಬಹುದು.

ಮಾತಿನ ಗುಳ್ಳೆಗಳನ್ನೂ ಅವಳು ಚಿಕ್ಕದಾಗಿ ಬಿಡಿಸಿಬಿಟ್ಟಿದ್ದಳು. ನಮ್ಮ ಪದಗಳು ಉದ್ದ. "ಹೋಗಬೇಕಾಗಿತ್ತಲ್ಲವೇ" ಅನ್ನುವ ಒಂದೇ ಪದ ಗುಳ್ಳೆಯಿಂದ ಹೊರಗೆ ಬಂದಿತ್ತು. ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು. ನಾನು ಮಾತನ್ನೇ ಕತ್ತರಿಸಿದೆ. ದೆವ್ವಗಳು ಕಡಿಮೆ ಮಾತಾಡಿದಷ್ಟೂ ಒಳ್ಳೆಯದು ಅಂತ ಆಗ ಗೊತ್ತಾಯಿತು.

2025ರ ಮೇ ತಿಂಗಳಲ್ಲಿ ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್‌ಗೆ ಅರ್ಜಿ ಹಾಕಿದೆ. ರಾಜಾ ರಾಮಮೋಹನ್ ರಾಯ್ ಏಜೆನ್ಸಿಯ ಜಾಲತಾಣದಲ್ಲಿ ನಾವೇ ಹಾಕಬಹುದು, ಒಂದು ರೂಪಾಯಿಯೂ ಇಲ್ಲ. ಎರಡು ಮೂರು ಸಾವಿರ ಕೊಡಿ, ಮಾಡಿಸಿಕೊಡುತ್ತೇವೆ ಅನ್ನುವವರಿಗೆ ಕೊಡಬೇಡಿ. ನನ್ನ ಅರ್ಜಿ ಒಂದು ಸಲ ವಾಪಸ್ ಬಂತು. ಗುರುತಿನ ಚೀಟಿಯಲ್ಲಿ ಇನಿಷಿಯಲ್ ಹಿಂದೆ, ಶೀರ್ಷಿಕೆ ಪುಟದಲ್ಲಿ ಮುಂದೆ. ತಪ್ಪು ನನ್ನದೇ. ಸರಿ ಮಾಡಿ ಮತ್ತೆ ಹಾಕಿ, ಒಟ್ಟು ಐದು ವಾರ ಕಾದೆ. ನಂಬರು ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗಬೇಕಲ್ಲ, ಅದಕ್ಕೆ ಪ್ರೆಸ್ಸಿಗೆ ಹೋಗುವ ಎರಡು ತಿಂಗಳ ಮೊದಲೇ ಹಾಕಿ.

ಪುಟ 52 ಆಗಿತ್ತು. ಪ್ರೆಸ್ಸಿನವರು "16 ಪುಟಕ್ಕೆ ಒಂದು ಫಾರಂ ಸಾರ್, 48 ಮಾಡಿ, ಇಲ್ಲ 64 ಮಾಡಿ" ಅಂದರು. ನಾಲ್ಕು ಪುಟ ಕತ್ತರಿಸಿದೆವು. ಅವುಗಳ ಹಣವನ್ನು ತಂಗಿ ಬೇಡ ಅಂದಳು. ನನ್ನ ಮುನ್ನುಡಿ, ಅರ್ಪಣೆ, ಹಕ್ಕಿನ ಪುಟ ಎಲ್ಲ ಸೇರಿ ನಾಲ್ಕು, ಕಥೆಗೆ 44. ಇದನ್ನು ಮೊದಲೇ ಎಣಿಸಿಕೊಂಡಿದ್ದರೆ ಅಷ್ಟು ಚಿತ್ರ ವ್ಯರ್ಥ ಆಗುತ್ತಿರಲಿಲ್ಲ.

ಈಗ ಒಣಗಿಸುವ ವಿಷಯ. ದಸರಾಕ್ಕೆ ಪುಸ್ತಕ ಕೈಯಲ್ಲಿರಬೇಕು ಅಂತ ನನಗೆ ಹಟ. ಮಡಿಕೇರಿಯ ದಶಮಂಟಪದ ಮೆರವಣಿಗೆಯ ರಾತ್ರಿ ಮಂಟಪಗಳಲ್ಲಿನ ರಾಕ್ಷಸರನ್ನು ನೋಡಲಿಕ್ಕೆ ಊರೂರಿನ ಜನ ಬರುತ್ತಾರೆ, ದೆವ್ವದ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದು? 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಿತ್ತು. ಹಾಗಾಗಿ ಆಗಸ್ಟ್‌ನಲ್ಲೇ ಮೈಸೂರಿನ ಒಂದು ಪ್ರೆಸ್ಸಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದೆ. ಒಳಪುಟ ಒಂದೇ ಬಣ್ಣ, ಕಪ್ಪು. ಆದರೆ ದೆವ್ವದ ಪುಸ್ತಕ ನೋಡಿ, ಪುಟದ ತುಂಬ ಕತ್ತಲೆ. ಎರಡೂ ಬದಿಗೆ ದಟ್ಟ ಕಪ್ಪು. ಕಾಗದ ನಾನೇ ಆರಿಸಿದ್ದು, 130 ಜಿಎಸ್‌ಎಂ ಆರ್ಟ್ ಪೇಪರ್. ಹೊಳಪು ಚೆನ್ನಾಗಿ ಬರುತ್ತದೆ ಅಂತ ಆಸೆ. ಆ ನುಣುಪು ಕಾಗದ ಶಾಯಿಯನ್ನು ಬೇಗ ಹೀರುವುದಿಲ್ಲ. ಮಳೆಗಾಲದ ತೇವ. ಅವಸರದಲ್ಲಿ ಮಡಚಿ, ಪಿನ್ ಹೊಡೆದು, ಕಟ್ಟು ಕಟ್ಟಿ ಬಸ್ಸಿಗೆ ಹಾಕಿದರು.

ನಮ್ಮ ಮನೆಯಲ್ಲಿ ಕಟ್ಟು ಬಿಚ್ಚಿದೆ. ಪುಟ ತಿರುವಿದರೆ ಚರ್ ಅಂತ ಸದ್ದು. ರಾಜನ ಮುಖ ಎದುರು ಪುಟದ ಬ್ರಹ್ಮರಾಕ್ಷಸನಿಗೆ ಅಂಟಿಕೊಂಡು ಬಂತು. ಕೆಳಗಿನ ಕಟ್ಟುಗಳೆಲ್ಲ ಹಾಗೆಯೇ. ಜಗಲಿಯಲ್ಲಿ ಕುಳಿತುಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ಕಕ್ಕಡ ಅಂತ ಅನ್ನಲಿಲ್ಲ ಆವತ್ತು. ಅನ್ನದೇ ಇದ್ದದ್ದೇ ಹೆಚ್ಚು ಬೇಜಾರಾಯಿತು.

ಪ್ರೆಸ್ಸಿಗೆ ಫೋನ್ ಮಾಡಿದರೆ "ನಿಮ್ಮ ಕೊಡಗಿನ ತೇವಕ್ಕೆ ನಾವೇನು ಮಾಡೋಣ ಸಾರ್" ಅಂದರು. ಅರ್ಧ ನಿಜ. ಇನ್ನರ್ಧ, ಎರಡು ದಿನ ಒಣಗಲು ಬಿಡಬೇಕಿತ್ತು. ಜಗಳ ಆಡಿದೆ, ಬಿಲ್ಲಿನಲ್ಲಿ ಏನೂ ಕಡಿಮೆಯಾಗಲಿಲ್ಲ. ಅಂಟದೆ ಉಳಿದವನ್ನು ಬೇರೆ ಮಾಡಿ, ನಡುಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಹಾಗೆ ನೇತು ಹಾಕಿದೆವು. ಜಾಗ ಸಾಲದೆ ಒಲೆಯ ಮೇಲಿನ ಅಟ್ಟಕ್ಕೂ ಹೋದವು. ಹನ್ನೊಂದು ದಿನ. 62 ಪ್ರತಿ ಪೂರ್ತಿ ಹಾಳು. ಉಳಿದವಕ್ಕೆ ಸಣ್ಣಗೆ ಹೊಗೆಯ ವಾಸನೆ ಹಿಡಿಯಿತು. ಕೊಂಡವರೊಬ್ಬರು "ಈ ವಾಸನೆ ಬೇಕು ಅಂತಲೇ ಹಾಕಿದ್ದಾ? ಒಳ್ಳೆ ಐಡಿಯಾ" ಅಂದರು. ಹೂಂ ಅಂದೆ.

ಕಪ್ಪು ಜಾಸ್ತಿ ಇರುವ ಪುಸ್ತಕವಾದರೆ ಮ್ಯಾಪ್ಲಿಥೋ ಕಾಗದ ಹಾಕಿಸಿ. ಹೊಳಪಿಲ್ಲ, ಆದರೆ ಶಾಯಿ ಹೀರುತ್ತದೆ. ಮಳೆಗಾಲದಲ್ಲಿ ಅಚ್ಚು ಹಾಕಿಸಲೇಬೇಡಿ. ಎಲ್ಲಕ್ಕಿಂತ ಕಪ್ಪಾದ ಒಂದು ಹಾಳೆಯನ್ನು ಮೊದಲು ಅಚ್ಚು ಮಾಡಿಸಿ, ಮಾರನೇ ದಿನ ಬೆರಳಿನಿಂದ ಉಜ್ಜಿ ನೋಡಿ. ನಾನು ಪ್ರೂಫ್ ನೋಡಿದ್ದು ಫೋನಿನಲ್ಲಿ. ಫೋನಿನ ಗಾಜಿಗೆ ಶಾಯಿ ಅಂಟುವುದಿಲ್ಲವಲ್ಲ.

ದಸರಾಕ್ಕೆ ಪುಸ್ತಕ ಹೇಗೋ ಬಂತು. ಮಡಿಕೇರಿ, ವಿರಾಜಪೇಟೆಯ ಅಂಗಡಿಗಳಲ್ಲಿ ಇಟ್ಟೆ. ಬೆಲೆ 150. ಅಂಗಡಿಯವರಿಗೆ ನೂರಕ್ಕೆ 35 ಬಿಡಬೇಕು. ಮಾರಿದ ಮೇಲೆ ದುಡ್ಡು, ಅದೂ ಎರಡು ತಿಂಗಳಿಗೆ. ನಾಲ್ಕು ಪ್ರತಿ ಗ್ರಂಥಾಲಯಗಳಿಗೆ ಹೋದವು. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಗೆ ಒಂದೊಂದು ಕಳಿಸಬೇಕು. ನಮ್ಮ ಕೊಳ್ಳಿದೆವ್ವ ಕೋಲ್ಕತ್ತದ ಕಪಾಟಿನಲ್ಲಿ ಕೂತಿದೆ ಅಂತ ನೆನೆಸಿಕೊಂಡರೆ ನಗು ಬರುತ್ತದೆ.

ಅಂಚೆಯಲ್ಲಿ ಪುಸ್ತಕ ಕಳಿಸಲಿಕ್ಕೆ ಜ್ಞಾನ ಪೋಸ್ಟ್ ಅಂತ ಇದೆ, 2025ರ ಮೇ 1ರಿಂದ ಶುರುವಾದದ್ದು. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100, ಮೇಲೆ ತೆರಿಗೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಬಾರದು. ಕೌಂಟರಿನಲ್ಲಿದ್ದವರು ಮುಖಪುಟ ನೋಡಿ "ದೆವ್ವದಲ್ಲಿ ಜ್ಞಾನ ಎಲ್ಲಿದೆ?" ಅಂದರು. ಬಿಚ್ಚಿ ಓದಲಿಕ್ಕೆ ಕೊಟ್ಟೆ. ಹಿಂದೆ ಸಾಲು ಬೆಳೆಯಿತು. ನಾಲ್ಕು ಪುಟ ಓದಿ ಮುದ್ರೆ ಒತ್ತಿದರು.

ಕಾಪಿರೈಟ್ ನೋಂದಣಿಗೂ ಹಾಕಿದ್ದೇನೆ. ಬರಹಕ್ಕೆ 500, ಚಿತ್ರಕ್ಕೆ 500. ನೋಂದಣಿ ಮಾಡಿಸದಿದ್ದರೂ ಹಕ್ಕು ನಮ್ಮದೇ, ಆದರೆ ನಾಳೆ ಯಾರಾದರೂ ಕದ್ದರೆ ಕೈಯಲ್ಲಿ ಒಂದು ಕಾಗದ ಇರಲಿ ಅಂತ. ಅರ್ಜಿ ಹಾಕಿದ ಮೇಲೆ ಯಾರದಾದರೂ ಆಕ್ಷೇಪ ಇದೆಯಾ ಅಂತ 30 ದಿನ ಬಿಡುತ್ತಾರೆ. ಆಮೇಲೆ ನನಗೆ ಒಂದು ಪತ್ರ ಬಂತು, ಚಿತ್ರ ಬಿಡಿಸಿದವರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ ಅಂತ. ಕಳಿಸಿದ್ದೇನೆ. ಇನ್ನೂ ಕಾಯುತ್ತಿದ್ದೇನೆ.

ಲೆಕ್ಕ ಬರೆಯುವವನಾದ್ದರಿಂದ ಲೆಕ್ಕ ಒಪ್ಪಿಸಿಬಿಡುತ್ತೇನೆ. ಚಿತ್ರಕ್ಕೆ 40,200. ಅಚ್ಚಿಗೆ 26,000. ಕಾಪಿರೈಟಿಗೆ 1,000. ಓಡಾಟ, ಕರಾರಿನ ಕಾಗದ, ಬಸ್ಸಿನ ಸಾಗಾಟ 2,800. ಒಟ್ಟು 70,000. ಮಾರಿದ್ದು 291 ಪ್ರತಿ. ಬಂದದ್ದು 35 ಸಾವಿರದ ಹತ್ತಿರ. ಹಾಳಾದದ್ದು, ಹಾಗೇ ಕೊಟ್ಟದ್ದು ಬಿಟ್ಟು ಇನ್ನು 113 ಉಳಿದಿವೆ. ಅಷ್ಟೂ ನೇರವಾಗಿ ನನ್ನ ಕೈಯಿಂದಲೇ ಮಾರಿದರೂ ಹಾಕಿದ ದುಡ್ಡು ಪೂರ್ತಿ ಬರುವುದಿಲ್ಲ.

ಲೈನ್‌ಮನೆಯ ಆ ಹುಡುಗಿಗೆ ಮೊದಲ ಪ್ರತಿ ಕೊಟ್ಟೆ. ಓದಿ, "ಸಾರ್, ನೀವು ಹೇಳಿದಾಗ ಇನ್ನೂ ಜಾಸ್ತಿ ಭಯ ಆಗಿತ್ತು" ಅಂದಳು.

ಎರಡನೇ ಪ್ರತಿ ಹಿಡಿದು ತಕ್ಕರ ಮನೆಗೆ ಹೋದೆ. ಅಜ್ಜ ಕನ್ನಡಕ ಹಾಕಿಕೊಂಡು ನಿಧಾನವಾಗಿ ಒಂದೊಂದೇ ಪುಟ ತಿರುವಿದರು. ಕಾಡಿನ ಹೆಸರು ಇಲ್ಲ, ದೇವರ ನೆಲೆ ಇಲ್ಲ, ಹುಡುಗ ನಾಯಿಯನ್ನು ವಾಪಸ್ ಇಟ್ಟ. ಎಲ್ಲ ನೋಡಿದರು. ಮೆಟ್ಟಿಲ ಮೇಲಿನ ಹೆಜ್ಜೆಯ ಚಿತ್ರಕ್ಕೆ ಬಂದಾಗ ಸ್ವಲ್ಪ ನಕ್ಕರು. ಆಮೇಲೆ ಬೆರಳಿಟ್ಟು ಕೇಳಿದರು, "ಈ ಒಡಕು ಕಿವಿಯದ್ದನ್ನು ನೋಡಿ ಬಿಡಿಸಿದ್ದಾ?"

ಗದ್ದೆ ಮಣ್ಣಿನಲ್ಲಿ ನಾನೇ ಮಾಡಿದ್ದು ಅಂತ ಹೇಳಿದೆ.

"ಈಗ ಎಲ್ಲಿದೆ ಅದು?"

"ಮನೆಯಲ್ಲಿ ಅಜ್ಜ. ನನ್ನ ಮೇಜಿನ ಮೇಲೆ."

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಮನೆಯಲ್ಲಿ ಇಟ್ಟುಕೊಳ್ಳಬೇಡ. ನಾಳೆ ಬೆಳಿಗ್ಗೆ ತೆಗೆದುಕೊಂಡು ಬಾ, ಇಬ್ಬರೂ ಹೋಗಿ ಇಟ್ಟು ಬರೋಣ."

ಬೆಳಿಗ್ಗೆ ಏಳಕ್ಕೇ ಹೋದೆವು. ಬರುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಒಮ್ಮೆ ಹಿಂತಿರುಗಿ ನೋಡಿದೆ. ಅಷ್ಟು ನಾಯಿಗಳ ನಡುವೆ ನನ್ನದು ಯಾವುದು ಅಂತ ಗೊತ್ತಾಗಲಿಲ್ಲ.